ಕೊಯ್ದ ಅಧ್ಯಾಯ

ಅಕ್ಕಲಕೋಟಿ ಸಂಸ್ಥಾನ ವಿಲೀನ ಆದ ಹೊಸದರಾಗ ನಾನು ಸೊಲ್ಲಾಪುರದ ಚಾದರ ಮಾರಾಕ ಅಲ್ಲಿಗೆ ಹೋಗ್ತಿದ್ದೆ. ಅಲ್ಲಿನ ವಾಚನಾಲಯ ನಡಸಾವ ಅರಿವಿ ಅಂಗಡಿ ಸಾವಕಾರ, ನನ್ನ ಗಿರಾಕಿ. ಒಮ್ಮೆ ನನ್ನ ಜೀವದಂಥಾ ಪತ್ತೇದಾರಿ ಕಾದಂಬರಿ ಅವನಿಗೆ ಕೊಟ್ಟು, "ಎಲ್ಲಾರಿಗೂ ಓದಸ್ರಿ" ಅಂದೆ. ಅದರಾಗ ಇಬ್ಬರು ಗಂಡಸರ ಮ್ಯಾಲೆ ಕೊಲಿ ಆರೋಪ. ಕೊಲಿ ಆದಾಗ ಅವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಬ್ಯಾರೆ ಊರಿನ ಖೋಲ್ಯಾಗಿದ್ರು ಅಂತ ಕಡೀ ಅಧ್ಯಾಯದಾಗ ತಿಳೀತದ.

ಮುಂದಿನ ಸಲ ಹೋದ್ರ ಸಾವಕಾರ ಹಿಗ್ಗಿ ಹೇಳಿದ: "ಕಡೀ ಅಧ್ಯಾಯ ಬ್ಲೇಡಿನಿಂದ ಕೊಯ್ದು ತಗದೀನ್ರಿ, ಹೊಲಸಿತ್ತು. ಉಳದದ್ದು ಎಲ್ಲಾರಿಗೂ ಸೇರೇತಿ."

"ಮತ್ತ ಕೊಲಿ ಯಾರು ಮಾಡಿದ್ರಂತ?"

"ಅವರಿಬ್ಬರಽ! ಬ್ಯಾರೆ ಯಾರದಾರ?"

"ಅಲ್ರಿ, ಅವರು..."

"ಅವರ ಕಳಕಳಿ ನಿಮಗ್ಯಾಕ್ರಿ?" ಅಂತ ನನ್ನ ಮುಖಾನ ನೋಡಿದ.

ಚಾದರದ ಗಂಟು ಬಿಚ್ಚಿದೆ. ಅವರಿಬ್ಬರನ್ನೂ ಗಲ್ಲಿಗೆ ಬಿಟ್ಟು ಬಂದೆ. ಅವತ್ತು ಚಾದರ ಮಾತ್ರ ಎಲ್ಲಾ ಮಾರಿ ಹೋದ್ವು.