ಯಜಮಾನ್ರು ಏನ್ ಮಾಡ್ತಾರ?

ಸ್ವಂತ ಉದ್ಯೋಗ ಮಾಡುವ ಹೆಂಗಸರಿಗೆ ಧೈರ್ಯ ತುಂಬುವ ತರಬೇತಿ ಅಂತ ಹೊಸಪೇಟೆಗೆ ಕರೆದಿದ್ದರು. ನನ್ನ ಖಾರದಪುಡಿ ಗಿರಣಿ ಅವತ್ತಿನ ಮಟ್ಟಿಗೆ ಮುಚ್ಚಿ ನಾನೂ ಹೋಗಿದ್ದೆ. ಪಕ್ಕದಲ್ಲಿ ಸಂಡೂರಿನ ರುಕ್ಮಿಬಾಯಿ ಕೂತಿದ್ದಳು; ಕಸೂತಿ ಚೀಲ ಹೊಲಿದು ಹಂಪಿಯಲ್ಲಿ ಮಾರುತ್ತಾಳಂತೆ. ಪರಿಚಯ ಹೇಳಿಕೊಳ್ಳಲು ಮೈಕ್ ಬಂದಾಗ ಆಕೆ ಎದ್ದು ನಿಂತಳು. ಹೆಸರು ಹೇಳಿದ್ದಷ್ಟೇ, ವೇದಿಕೆ ಮೇಲಿದ್ದ ಭಾಷಣಕಾರರು ನಡುವೆ ಬಾಯಿ ಹಾಕಿದರು.

“ಯಜಮಾನ್ರು ಏನ್ ಮಾಡ್ತಾರಮ್ಮ?”

ಆಕೆ ತಲೆ ತಗ್ಗಿಸಿ ಕೂತುಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಕರೆಸಿದ್ದು ಆಕೆಯನ್ನೋ, ಆಕೆಯ ಗಂಡನನ್ನೋ? ಎದ್ದು ನಿಂತು ಕೇಳಿಯೇಬಿಟ್ಟೆ: “ಸರ್, ನಿಮ್ಮ ಮನಿಯವ್ರು ಏನ್ ಮಾಡ್ತಾರ್ರಿ?”

“ಅದ್ಯಾಕ ಬೇಕಮ್ಮ ಈಗ?”

“ಹಂಗಾದ್ರ ಆಕಿ ಗಂಡನ ಸುದ್ದಿ ಯಾಕ ಬೇಕ್ರಿ? ಆಕಿ ಕೆಲ್ಸದ ಬಗ್ಗೆ ಕೇಳ್ರಿ.”

ಹಿಂದಿನ ಸಾಲಿನಿಂದ ಕಂಪ್ಲಿಯ ರೊಟ್ಟಿ ಅಂಗಡಿಯವಳೊಬ್ಬಳು ಕೂಗಿದಳು: “ಹೌದ್ರಿ, ನಾವೂ ಅದನ್ನ ಕೇಳಾಕ ಬಂದೀವಿ. ಏಳವ್ವಾ ತಂಗಿ, ಹೇಳು!” ಉಳಿದವರೂ “ಹೇಳು, ಹೇಳು” ಅಂದರು.

ರುಕ್ಮಿಬಾಯಿ ಎದ್ದಳು. ಕಸೂತಿಗೆ ಹಾಕುವ ಕನ್ನಡಿ ಚೂರು ಎಲ್ಲಿಂದ ತರಿಸುತ್ತಾಳೆ, ಫಾರಿನ್ನವರ ಜೊತೆ ಹೇಗೆ ಚೌಕಾಸಿ ಮಾಡುತ್ತಾಳೆ, ಎಲ್ಲ ಹೇಳಿದಳು. ಊಟದ ಹೊತ್ತಾದರೂ ಮೈಕ್ ಬಿಡಲಿಲ್ಲ.

ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆ ಅಂತ ಕಲಿಸಲು ಬಂದಿದ್ದ ಆ ಪುಣ್ಯಾತ್ಮರಿಗೆ ಕೊನೆಗೂ ಮಾತಾಡಲು ಸಮಯ ಸಿಗಲಿಲ್ಲ. ಯಾರಿಗೂ ಬೇಜಾರಾದಂತೆ ಕಾಣಲಿಲ್ಲ.