ಇಟಲಿಯ ರಂಗಮಂದಿರದಲ್ಲಿ ಇಬ್ಬರು ಅತ್ತೆಯರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಈ ಚಳಿಗಾಲದುದ್ದಕ್ಕೂ ಕುಂದಾಪುರದ ದೊಡ್ಡತ್ತೆಯ ಜೊತೆ ಫೋನಿನಲ್ಲಿ ಮಾತಾಡಿದ ಲಂಡನ್ ಬಳಿಯ ಕ್ರೋಯ್ಡನ್ನಿನ ಅತ್ತೆ ನಾನೇ. ಗಂಟಲಿನ ಆಪರೇಷನ್ ಆದದ್ದನ್ನು ಅತ್ತೆ ತಮ್ಮ ಅಕ್ಕನಿಗೆ, ಅಂದರೆ ದೊಡ್ಡತ್ತೆಗೆ, ಹೇಳಿರಲಿಲ್ಲ. ಕೇಳಿದರೆ ಊಟ ಬಿಟ್ಟಾರೆಂಬ ಭಯ. ಕಂಡವರ ದನಿ ಅನುಕರಿಸಿ ಚಪ್ಪಾಳೆ ಗಿಟ್ಟಿಸುವ ನನಗೆ ಅತ್ತೆಯ ದನಿಯಲ್ಲಿ ಮಾತಾಡುವ ಈ ಪಾತ್ರ ಸಿಕ್ಕಿತು. ಗಾಯ ಮಾಗಿದೆ, ಮಾತಾಡಿ ಎಂದು ಡಾಕ್ಟರು ಹೇಳಿದ ಮೇಲೂ ಅತ್ತೆ ಪಿಸುಗುಟ್ಟುವುದನ್ನು ಬಿಡಲಿಲ್ಲ. ಹಳೆಯ ದನಿ ಹೋಗಿಯೇಬಿಟ್ಟಿದ್ದರೆ ಎಂಬ ಅಂಜಿಕೆ. ಗಾಳಿ ಬದಲಾಗಲೆಂದು ಇಬ್ಬರೂ ಇಟಲಿಗೆ ಹೊರಟೆವು.

ಈಸ್ಟ್ ಕ್ರೋಯ್ಡನ್‌ನಿಂದ ಗ್ಯಾಟ್ವಿಕ್‌ಗೆ ರೈಲಿನಲ್ಲಿ ಕಾಲು ಗಂಟೆ. ಅಲ್ಲಿಂದ ಬೊಲೊನ್ಯಾಕ್ಕೆ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಟಿಕೆಟ್ಟಿಗಿಂತ ಬ್ಯಾಗಿನ ಬಾಡಿಗೆಯೇ ಹೆಚ್ಚು, ಆ ಬ್ಯಾಗಿನಲ್ಲಿ ಅರ್ಧ ಚಟ್ನಿಪುಡಿ. ಪಿಜ್ಜಾದ ಮೇಲೆ ಅದನ್ನು ಉದುರಿಸಿದಾಗ ಹೋಟೆಲಿನವನು ಮುಖ ಹುಳ್ಳಗೆ ಮಾಡಿದ. ಆ ಮುಖವನ್ನೂ ಅನುಕರಿಸಿ ಅತ್ತೆಯಿಂದ ಗುದ್ದು ತಿಂದೆ.

ಮರುದಿನ ಭಾನುವಾರ. ಮಂಜಿನಲ್ಲೇ ಬಸ್ಸು ಹಿಡಿದು ಹತ್ತಿರದ ಸಣ್ಣ ಊರಿಗೆ ಹೋದೆವು. ಅಲ್ಲಿನ ಹಳೆಯ ರಂಗಮಂದಿರದಲ್ಲಿ ಒಂದು ಕಾಲಕ್ಕೆ ಒಪೆರಾ ನಡೆಯುತ್ತಿತ್ತಂತೆ. ಈಗ ಶಾಲಾ ಮಕ್ಕಳ ನಾಟಕ, ನಮ್ಮಂಥ ನೋಡುಗರು. ಕುದುರೆ ಲಾಳದಂತೆ ಬಾಗಿದ ನಾಲ್ಕು ಅಂತಸ್ತು, ನೋಡುಗರು ಕೂರಲು ಜೇನುಗೂಡಿನ ಹಾಗೆ ಪುಟ್ಟ ಪುಟ್ಟ ಕೋಣೆಗಳು, ಬಣ್ಣ ಮಾಸಿದ ಕೆಂಪು ಮಕಮಲ್ಲು. "ಇಲ್ಲಿ ಮೈಕ್ ಬೇಡ. ಮೇಲೆ ಯಾರಾದರೂ ನಿಟ್ಟುಸಿರು ಬಿಟ್ಟರೂ ವೇದಿಕೆಗೆ ಕೇಳುತ್ತದೆ" ಎಂದರು ತೋರಿಸುತ್ತಿದ್ದ ಅಜ್ಜಿ. ನಾನು ಫೋಟೊದ ಯೋಚನೆಯಲ್ಲಿದ್ದೆ.

ಅತ್ತೆ ಶೂ ಬಿಚ್ಚಿ, ರಂಗಸ್ಥಳ ಹತ್ತುವ ಯಕ್ಷಗಾನದವರಂತೆ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ವೇದಿಕೆಯ ನಡುವೆ ನಿಂತರು. ಅಜ್ಜಿ ಮುಜುಗರದಿಂದ ತಮ್ಮ ಬೂಟುಗಳನ್ನು ನೋಡಿಕೊಂಡರು. ಫೋಟೊ ತೆಗೆಯಲು ನಾನು ತುತ್ತತುದಿಯ ಅಂತಸ್ತಿಗೆ ಓಡಿದೆ. ಆಗಲೇ ನನ್ನ ಜೇಬಿನಲ್ಲಿದ್ದ ಅತ್ತೆಯ ಫೋನ್ ರಿಂಗಾಯಿತು. ಪ್ರತಿ ಭಾನುವಾರದಂತೆ ದೊಡ್ಡತ್ತೆ. ಕಂಬದ ಮರೆಗೆ ಸರಿದು ಮೆಲ್ಲಗೆ ಅತ್ತೆಯ ದನಿ ತೆಗೆದೆ.

"ಹ್ವಾಯ್ ಅಕ್ಕ, ನಾನ್ ಆರಾಮಿದ್ದೆ. ನೀ ಹೇಳ್ದ ಕಷಾಯವೇ ಕುಡಿತಿದ್ದೆ. ನೀ ಹೇಳುದೆಲ್ಲ ಸರಿ ಅಕ್ಕ..."

ಕೆಳಗಿನಿಂದ ಸಿಡಿಲು ಹೊಡೆಯಿತು.

"ಏ ಮಾಣಿ! ನಾನ್ ಯಾವತ್ತ್ ಹೀಂಗ್ ಮಾತಾಡ್ದೆ? ಅಕ್ಕನ ಕಷಾಯ ನಾಯಿಯೂ ಮೂಸುದಿಲ್ಲ!"

ದನಿ ಬಿರಿದ ಬಿದಿರಿನ ಹಾಗಿತ್ತು. ಆದರೂ ನಾಲ್ಕು ಅಂತಸ್ತನ್ನೂ ತುಂಬಿತು. ತಮ್ಮದೇ ಕೂಗಿಗೆ ಬೆಚ್ಚಿ ಅತ್ತೆ ಬಾಯಿಗೆ ಕೈಯಿಟ್ಟುಕೊಂಡರು. ಅಜ್ಜಿ ಚಪ್ಪಾಳೆ ತಟ್ಟಿದರು.

"ದೊಡ್ಡತ್ತೆ, ಅದು..." ಎಂದು ಫೋನಿನಲ್ಲಿ ನನ್ನ ಸ್ವಂತ ದನಿಯಲ್ಲಿ ತೊದಲಿದೆ.

"ಈಗ ಕೂಗಿದ್ದ್ ನನ್ ತಂಗಿ" ಎಂದರು ದೊಡ್ಡತ್ತೆ. "ಇಷ್ಟ್ ತಿಂಗ್ಳ್ ಒಂದ್ ದಿನವೂ ಬೈಯದೇ ಫೋನ್ ಇಟ್ಟದ್ ಯಾರಂತ ನಂಗೆ ಗೊತ್ತಿಲ್ಯಾ? ಕೊಡ್ ಅವ್ಳ ಕೈಗೆ. ಬೈಗುಳ ಕೇಳದೇ ಕಿವಿ ತುಕ್ಕ್ ಹಿಡ್ದಿತ್ತ್."