ಗಾಜಿನೊಳಗಿನ ದೈವಕ್ಕೆ ಇಟ್ಟ ಅಡಿಕೆ

ಕಳೆದ ವಾರ ಕಪಾಟು ಒರೆಸುವಾಗ ಅತ್ತೆಯ ಹಳೆಯ ಬಟ್ಟೆಯ ಚೀಲ ಕೈಗೆ ಬಂತು. ಒಳಗೆ ಪುಡಿಯಾದ ವೀಳ್ಯದೆಲೆ, ಅದರ ನಡುವೆ ಒಂದು ಇಡೀ ಅಡಿಕೆ. ಮೂಗಿನ ಹತ್ತಿರ ಹಿಡಿದೆ. ಎಲೆಯ ವಾಸನೆ ಎಂದೋ ಹೋಗಿತ್ತು, ಸುಣ್ಣದ ಡಬ್ಬಿಯ ವಾಸನೆ ಮಾತ್ರ ಉಳಿದಿತ್ತು... ಈ ಅಡಿಕೆ ಯುರೋಪಿಗೆ ಹೋಗಿ ಬಂದದ್ದು.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಕಡಬದ ನಮ್ಮ ಮನೆಯ ದೈವದ ಕೋಣೆಯಲ್ಲಿ ಸಂಜೆ ದೀಪ ಇಡುವುದು ಅವರ ಪಾಲಿನ ಕೆಲಸವಾಗಿತ್ತು. ಅದನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಪುತ್ತೂರಿನಿಂದ ಹೊರಡುವ ಪ್ರವಾಸದ ತಂಡಕ್ಕೆ ನಾವು ಗಂಡ ಹೆಂಡತಿ ಮಗಳು ಹೆಸರು ಕೊಟ್ಟು, ಅವರನ್ನೂ ಕರೆದಾಗ, ಅರಂತೋಡಿನಿಂದ ನಾದಿನಿ ಬಂದು ದೀಪ ಇಡುತ್ತೇನೆಂದು ಮಾತು ಕೊಟ್ಟ ಮೇಲೆಯೇ ಅವರು ಹೂಂ ಎಂದದ್ದು. ಎಲೆ ಅಡಿಕೆ ಬೇಡ, ಅಲ್ಲಿ ಉಗುಳಿದರೆ ದಂಡ ಹಾಕುತ್ತಾರೆ ಎಂದು ತಂಡದವರು ಹೇಳಿದ್ದರು. ಉಗುಳುವುದಿಲ್ಲ ಎಂದು ಅತ್ತೆ ಒಪ್ಪಿದರು. ತರುವುದಿಲ್ಲ ಎಂದು ಮಾತ್ರ ಹೇಳಲಿಲ್ಲ!

ಅಲ್ಲಿ ಅವರು ಯಾವುದಕ್ಕೂ ಬೆರಗಾದವರಲ್ಲ. ಕಣ್ಣು ಹಾಯುವವರೆಗೆ ಹೂವಿದ್ದ ತೋಟದಲ್ಲಿ ನಾವೆಲ್ಲ ಫೋಟೋ ತೆಗೆಯುತ್ತಿದ್ದರೆ ಅವರು ಬಗ್ಗಿ ಬಗ್ಗಿ ಮೂಸಿ, "ಒಂದಕ್ಕೂ ಪರಿಮಳ ಇಲ್ವಲ್ಲ ಮಾರಾಯ್ತಿ" ಎಂದರು. ಮೃಗಾಲಯದಲ್ಲಿ ಬೇಲಿಯೊಳಗೆ ಕಾಡುಹಂದಿಗಳಿದ್ದವು. "ಇದನ್ನು ನೋಡ್ಲಿಕ್ಕೆ ಟಿಕೇಟಾ? ನಮ್ಮ ಗೆಣಸಿನ ಗದ್ದೆಗೆ ಬರ್ಲಿಕ್ಕೆ ಹೇಳು ಇವರಿಗೆ, ಬಿಟ್ಟಿ ತೋರಿಸ್ತೇನೆ" ಎಂದಾಗ ಇಡೀ ತಂಡ ನಕ್ಕಿತ್ತು.

ಮರುದಿನ ಮ್ಯೂಸಿಯಂ. ಕಾಲು ಸೋತಿತ್ತು, ಯಾವುದನ್ನೂ ಸರಿಯಾಗಿ ನೋಡದೆ ನಡೆಯುತ್ತಿದ್ದೆವು. ಹಿಂತಿರುಗಿದರೆ ಅತ್ತೆ ಇಲ್ಲ. ಹಿಂದಿನ ಕೋಣೆಗೆ ಓಡಿದರೆ, ಒಂದು ಗಾಜಿನ ಪೆಟ್ಟಿಗೆಯ ಮುಂದೆ ಅವರು ನಾವು ಕೊಡಿಸಿದ ಶೂ ಕಳಚಿ, ಕಾಲುಚೀಲವನ್ನೂ ಕಳಚಿ, ಬರಿಗಾಲಲ್ಲಿ ಕೈ ಮುಗಿದು ನಿಂತಿದ್ದರು.

ಪೆಟ್ಟಿಗೆಯೊಳಗೆ ಪಂಜುರ್ಲಿ ದೈವದ ಮೊಗ. ಹಂದಿಯ ಮೋರೆಯ, ಕಂಚಿನ ಮುಖವಾಡ. ನಮ್ಮ ಊರಿನ ದೈವಕೋಲಗಳಲ್ಲಿ ಕಾಣುವಂಥದ್ದೇ. ದಕ್ಷಿಣ ಭಾರತದ್ದು ಎಂದಷ್ಟೇ ಕೆಳಗೆ ಬರೆದಿತ್ತು. ಯಾವ ಊರು, ಯಾವ ಮನೆ, ಒಂದೂ ಇಲ್ಲ.

ದೈವದ ಮುಂದೆ ಬರಿಗೈಯಲ್ಲಿ ನಿಲ್ಲಬಾರದು. ಅತ್ತೆ ಚೀಲದಿಂದ ಬಾಡಿದ ಎಲೆ ತೆಗೆದು ನೆಲದ ಮೇಲೆ ಹಾಸಿ, ಅದರ ಮೇಲೆ ಅಡಿಕೆ ಇಟ್ಟರು. ಕಾವಲಿನವರು ಬಂದರು. ಜೋರು ಮಾಡಿದ್ದರೆ ನನಗೂ ಒಂದು ಮಾತು ಆಡಲು ಆಗುತ್ತಿತ್ತೇನೋ. ಆದರೆ ಆ ಮನುಷ್ಯ ನಗುತ್ತಲೇ ಬಗ್ಗಿ, ಎಲೆ ಅಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕೈಗೆ ಕೊಟ್ಟರು.

"ಇಲ್ಲಿ ದೀಪ ಇಡುವವರು ಯಾರುಂಟು?" ಎಂದು ಅತ್ತೆ ನನ್ನನ್ನು ಕೇಳಿದರು.

ನಾನು ಪೆಟ್ಟಿಗೆಯ ಮೂಲೆಯಲ್ಲಿದ್ದ ಸಣ್ಣ ಬಲ್ಬನ್ನು ತೋರಿಸಿದೆ. "ಅಗೋ, ಲೈಟು ಉಂಟಲ್ಲ ಅತ್ತೆ."

ಅವರು ಅದನ್ನು ತುಂಬಾ ಹೊತ್ತು ನೋಡಿದರು. ಹೊರಗೆ ಬಸ್ಸು ನಮಗಾಗಿ ಕಾಯುತ್ತಿತ್ತು. ಗಂಡ ಬಂದು ತೋಳು ಹಿಡಿದಾಗ ಅವರು ಬೆನ್ನು ಹಾಕದೆ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಆ ಕೋಣೆಯಿಂದ ಹೊರಬಂದರು.

ಬಸ್ಸಿನಲ್ಲಿ ಮಗನನ್ನು ಕೇಳಿದರು, ಆ ಮೊಗವನ್ನು ಊರಿಗೆ ತರಲು ಆಗುತ್ತದಾ ಎಂದು. ನನ್ನ ಗಂಡ ಮೊದಲು ನಕ್ಕು, ಆಮೇಲೆ "ಯಾವ ಮನೆಯದ್ದು ಅಂತ ಕೇಳಿದ್ರೆ ಎಂತ ಹೇಳುದು ಅಮ್ಮಾ?" ಎಂದರು. ಅತ್ತೆ ಕಿಟಕಿಯ ಕಡೆ ತಿರುಗಿ, "ಪಾಪ, ಆ ಮನೆಯವರು ದೈವ ಇಲ್ಲದ ಖಾಲಿ ಮಣೆಗೆ ದೀಪ ಇಡ್ತಿರಬಹುದು" ಎಂದರು. ಮುಂದಿನ ಊರುಗಳಲ್ಲಿ ಅವರು ಬಸ್ಸಿನಿಂದ ಇಳಿಯಲೇ ಇಲ್ಲ...

ಮನೆಗೆ ಬಂದ ಮೇಲೆ ಆ ಅಡಿಕೆಯನ್ನು ನಮ್ಮ ದೈವದ ಮುಂದೆ ಇಡೋಣ ಎಂದೆ. "ಅಲ್ಲಿಗೆ ಇಟ್ಟದ್ದನ್ನು ಇಲ್ಲಿಗೆ ಇಡ್ಲಿಕ್ಕೆ ಆಗುದಿಲ್ಲ" ಎಂದರು. ಜಗಿಯುವ ಹಾಗೂ ಇಲ್ಲ, ಎಸೆಯುವ ಹಾಗೂ ಇಲ್ಲ. ಚೀಲದಲ್ಲೇ ಉಳಿಯಿತು.

ಅಂದಿನಿಂದ ಪ್ರತಿ ಸಂಜೆ ದೀಪ ಇಟ್ಟು ಬಂದು ಅವರು ಕೇಳುತ್ತಿದ್ದದ್ದು ಒಂದೇ. "ಅಲ್ಲಿ ಈಗ ಲೈಟು ಉಂಟಾ?"

"ಉಂಟು ಅತ್ತೆ. ಅಲ್ಲಿ ಈಗ ಮಧ್ಯಾಹ್ನ, ಬಾಗಿಲು ತೆರೆದಿರ್ತದೆ."

ಅಷ್ಟು ಸಾಕಿತ್ತು ಅವರಿಗೆ. ಮ್ಯೂಸಿಯಮ್ಮಿಗೆ ವಾರಕ್ಕೊಂದು ರಜೆ ಇರುತ್ತದೆ ಎಂದು ನಾನು ಹೇಳಲು ಹೋಗಲಿಲ್ಲ. ಮಾತು ನಿಲ್ಲುವ ಮೊದಲು, ಆಸ್ಪತ್ರೆಯಲ್ಲೂ, ಅದನ್ನೇ ಕೇಳಿದ್ದರು. ನಾನೂ ಅದನ್ನೇ ಹೇಳಿದ್ದೆ.

ಚೀಲ ಸಿಕ್ಕಿದ ದಿನ ಮಗಳು ಫೋನಿನಲ್ಲಿ ಆ ಮ್ಯೂಸಿಯಮ್ಮಿನ ಪುಟ ಹುಡುಕಿದಳು. ಮೊಗದ ಚಿತ್ರ ಇತ್ತು. ಅದರ ಕೆಳಗೆ, ಈಗ ಪ್ರದರ್ಶನದಲ್ಲಿಲ್ಲ, ಉಗ್ರಾಣದಲ್ಲಿದೆ ಎಂದಿತ್ತು. ಮಗಳು ನನ್ನ ಮುಖ ನೋಡಿದಳು. ಉಗ್ರಾಣದಲ್ಲಿ ಯಾರು ಬಲ್ಬು ಉರಿಸಿಡುತ್ತಾರೆ? ಅತ್ತೆ ಇಲ್ಲದ್ದು ಆ ಒಂದು ಗಳಿಗೆ ಒಳ್ಳೆಯದೇ ಆಯಿತು ಅನ್ನಿಸಿತು. ಮರುಗಳಿಗೆಯಲ್ಲೇ ಅವರು ಬೇಕು ಅನ್ನಿಸಿ ಅಳು ಬಂತು.

ಅಡಿಕೆಯನ್ನು ಮತ್ತೆ ಚೀಲಕ್ಕೇ ಹಾಕಿದೆ. ಸಂಜೆ ದೀಪ ಇಟ್ಟು ಹೊರಬಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಯಾರೂ ಏನೂ ಕೇಳಲಿಲ್ಲ.